ಕೂಲಂಟ್ ಸೋರುತ್ತಿದೆಯೇ? ಮೊದಲು ಜಾಗ ಹುಡುಕಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ಕಾರು ನಿಂತಿದ್ದ ಜಾಗದಲ್ಲಿ ಅಂಗೈ ಅಗಲದ ಕಲೆ. ಬಾನೆಟ್ ಎತ್ತಿ ನೋಡಿದರೆ ಡಬ್ಬಿಯಲ್ಲಿ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಕೆಳಗಿನ ಗೆರೆಗಿಂತಲೂ ಇಳಿದಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಒಂದು ಬಾಟಲಿ ನೀರು ಸುರಿದು ಗಾಡಿ ಓಡಿಸಿಬಿಡುತ್ತಾರೆ. ವಾರ ಕಳೆದರೆ ಮತ್ತೆ ನೀರು, ಮತ್ತೊಂದು ವಾರ. ಹೀಗೆ ಮುಂದೂಡಿದ ಸೋರಿಕೆಯೇ ಒಂದು ದಿನ ಎಂಜಿನ್ ಕಾಯಿಸಿ, ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಸೊಟ್ಟಗಾಗಿ, ಇಡೀ ಎಂಜಿನ್ ಬಿಚ್ಚಬೇಕಾದ ಸ್ಥಿತಿಗೆ ತಂದು ನಿಲ್ಲಿಸುತ್ತದೆ. ಶುರುವಿನಲ್ಲೇ ಹಿಡಿದರೆ ಎಷ್ಟೋ ಸೋರಿಕೆಗಳು ಒಂದು ರಬ್ಬರ್ ಹೋಸ್, ಒಂದು ಕ್ಲಿಪ್ ಅಥವಾ ಒಂದು ಮುಚ್ಚಳ ಬದಲಿಸಿದರೆ ಮುಗಿಯುವಂಥವು. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ನಾನು ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದಾಗ, ಒದ್ದೆಯಾಗಿ ಕಂಡ ಕೆಳಗಿನ ಹೋಸನ್ನು ಬದಲಿಸಿದೆ. ಎರಡೇ ದಿನಕ್ಕೆ ನೆಲದ ಮೇಲೆ ಮತ್ತೆ ಅದೇ ಕಲೆ. ನಿಜವಾಗಿ ಒಸರುತ್ತಿದ್ದುದು ಮೇಲಿನ ಹೋಸಿನ ಕ್ಲಿಪ್ ಬಳಿ. ಅಲ್ಲಿಂದ ಇಳಿದ ದ್ರವ ಕೂಲಂಟನ್ನು ತಣಿಸುವ ರೇಡಿಯೇಟರಿನ ಅಂಚು ಹಿಡಿದು ಹರಿದು, ಕೆಳಗಿನ ಹೋಸಿನ ಮೇಲೆ ಬಂದು ತೊಟ್ಟಿಕ್ಕುತ್ತಿತ್ತು. ಹನಿ ಬೀಳುವ ಜಾಗವೇ ಸೋರುವ ಜಾಗವಲ್ಲ ಎಂಬುದು ಆಗ ಮನವರಿಕೆಯಾಯಿತು. ಈ ಕೆಲಸದಲ್ಲಿ ಮುಕ್ಕಾಲು ಪಾಲು ಹುಡುಕಾಟ, ಕಾಲು ಪಾಲು ಮಾತ್ರ ರಿಪೇರಿ. ಈ ಲೇಖನದಲ್ಲೂ ಹುಡುಕಾಟಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬಿಸಿ ಎಂಜಿನ್‌ನ ಮುಚ್ಚಳ ತೆರೆಯಬೇಡಿ

ನೀರು ಮತ್ತು ಎಥಿಲೀನ್ ಗ್ಲೈಕಾಲ್ ಸಮಸಮ ಬೆರೆತ ಕೂಲಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಅದರ ಮೇಲೆ ಒತ್ತಡ ಹೇರಿ ಹಿಡಿದಿಡುತ್ತದೆ. 15 ಪಿಎಸ್‌ಐ (ಒತ್ತಡದ ಅಳತೆ) ಮುಚ್ಚಳವಿದ್ದರೆ ಕುದಿಯುವ ಮಟ್ಟ 130 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಹಾಗಾಗಿ ಒಳಗೆ 115 ಡಿಗ್ರಿ ಬಿಸಿಯಿದ್ದರೂ ಅದು ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತಿರುಗಿಸಿದೊಡನೆ ಒತ್ತಡ ಕುಸಿಯುತ್ತದೆ, ಇಡೀ ದ್ರವ ಒಂದೇ ಸಲಕ್ಕೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಸುತ್ತಿಕೊಂಡು ತೆರೆದರೂ ಸುಟ್ಟ ಗಾಯ ತಪ್ಪುವುದಿಲ್ಲ. ಗಾಡಿ ನಿಲ್ಲಿಸಿ ಕೆಲವು ಗಂಟೆ ಕಾಯಿರಿ. ಆಮೇಲೆ ರೇಡಿಯೇಟರಿನ ಮೇಲಿನ ಹೋಸನ್ನು ಮೆಲ್ಲಗೆ ಮುಟ್ಟಿ, ಹಿಚುಕಿ ನೋಡಿ. ತಣ್ಣಗಾಗಿ, ಮೆತ್ತಗಿದ್ದರೆ ಮಾತ್ರ ಮುಂದುವರಿಯಿರಿ.

ರೇಡಿಯೇಟರ್ ಫ್ಯಾನ್ ಎಂಜಿನ್ ಆರಿಸಿದ ಮೇಲೂ ತಾನಾಗಿ ತಿರುಗಬಹುದು. ಅದರ ಹತ್ತಿರ ಕೈಹಾಕುವ ಮುಂಚೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಡಿ. ಕಾರಿನಡಿ ನುಗ್ಗಬೇಕಾದರೆ ಬರೀ ಜಾಕ್ ನಂಬಬೇಡಿ, ಗಟ್ಟಿ ನೆಲದಲ್ಲಿ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟಿ. ಹೈಬ್ರಿಡ್ ಅಥವಾ ವಿದ್ಯುತ್ ಕಾರಿನಲ್ಲಿ ಬ್ಯಾಟರಿಗೂ ಕೂಲಂಟ್ ಹರಿಯುವ ಸಾಲು ಇರಬಹುದು. ಕಿತ್ತಳೆ ಬಣ್ಣದ ದಪ್ಪ ತಂತಿ ಕಂಡ ಕಡೆ ಕೈಯಿಡಬೇಡಿ, ಆ ಕೆಲಸವನ್ನು ತರಬೇತಿ ಪಡೆದವರಿಗೇ ಬಿಡಿ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳಬೇಕು. ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಹೊಟ್ಟೆಗೆ ವಿಷ. ದೇಹದೊಳಗೆ ಅದು ಆಮ್ಲಗಳಾಗಿ ಬದಲಾಗಿ ಮೂತ್ರಪಿಂಡವನ್ನು ಕೆಡಿಸುತ್ತದೆ. ನೆಲದಲ್ಲಿ ನಿಂತ ಒಂದೆರಡು ಚಮಚ ನೆಕ್ಕಿದರೂ ಬೆಕ್ಕಿನ ಪ್ರಾಣ ಹೋಗಬಹುದು. ಮಕ್ಕಳಿಗೂ ಅಷ್ಟೇ ಅಪಾಯ. ಚೆಲ್ಲಿದ್ದನ್ನು ಕೂಡಲೇ ಒರೆಸಿ, ನೀರು ಹಾಕಿ ತೊಳೆಯಿರಿ. ಹೊರತೆಗೆದ ಕೂಲಂಟನ್ನು ತೆರೆದ ಬಕೆಟ್‌ನಲ್ಲಿ ಬಿಟ್ಟು ಒಳಗೆ ಹೋಗಬೇಡಿ.

ಅದು ಕೂಲಂಟೇ ಹೌದೇ?

ಎಸಿ ಹಾಕಿಕೊಂಡು ಬಂದ ಕಾರು ನಿಂತಲ್ಲಿ ನೀರು ತೊಟ್ಟಿಕ್ಕುವುದು ಸಹಜ. ಬಿಳಿ ಕಾಗದದ ಕರವಸ್ತ್ರವನ್ನು ಆ ಒದ್ದೆಗೆ ಒತ್ತಿ ನೋಡಿ. ಬಣ್ಣ, ವಾಸನೆ, ಜಿಡ್ಡು ಯಾವುದೂ ಇಲ್ಲದಿದ್ದರೆ ಅದು ಎಸಿಯ ನೀರು. ಹಸಿರು, ಕಿತ್ತಳೆ, ಗುಲಾಬಿ ಅಥವಾ ನೀಲಿ ಛಾಯೆಯಿದ್ದು, ಬೆರಳಿಗೆ ಜಾರಿಕೆಯಾಗಿ, ಸಿಹಿ ವಾಸನೆ ಬಂದರೆ ಕೂಲಂಟ್. ನೋಡಿದ ಮೇಲೆ ಕೈ ತೊಳೆದುಕೊಳ್ಳಿ.

ಸೋರುವ ಜಾಗ ಹಿಡಿಯುವುದು

ರಾತ್ರಿ ಕಾರಿನ ಮುಂಭಾಗದ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ, ಚಕ್ರಗಳ ನೇರಕ್ಕೆ ಅದರ ಮೇಲೆ ಗುರುತು ಮಾಡಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ಎಂಬುದು ಎಡವೋ ಬಲವೋ, ಮುಂದೋ ಹಿಂದೋ ಎಂಬಷ್ಟನ್ನು ಹೇಳುತ್ತದೆ. ಅಲ್ಲಿಂದ ಟಾರ್ಚ್ ಹಿಡಿದು ಮೇಲಕ್ಕೆ ನೋಡುತ್ತಾ ಹೋಗಿ. ಒದ್ದೆಯ ಅತ್ಯಂತ ಎತ್ತರದ ಬಿಂದು ಯಾವುದೋ ಅದೇ ನಿಮ್ಮ ಅನುಮಾನದ ಜಾಗ.

ಒದ್ದೆಯೇ ಇಲ್ಲದಿದ್ದರೂ ಗುರುತು ಉಳಿದಿರುತ್ತದೆ. ಬಿಸಿ ಎಂಜಿನ್ ಮೇಲೆ ಬಿದ್ದ ನೀರು ಆರಿಹೋಗಿ, ಬಿಳಿಯ ಅಥವಾ ಕೂಲಂಟಿನ ಬಣ್ಣದ ಪುಡಿ ಹಕ್ಕಳೆಯಂತೆ ಕಟ್ಟಿಕೊಳ್ಳುತ್ತದೆ. ಹೋಸಿನ ತುದಿಗಳಲ್ಲಿ, ಬಿಸಿಗೆ ತಕ್ಕಂತೆ ಕೂಲಂಟ್ ಹರಿಯಬಿಡುವ ಥರ್ಮೋಸ್ಟಾಟ್ ಕೂತಿರುವ ಕವಚದ ಜೋಡಣೆಯಲ್ಲಿ, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಮತ್ತು ಅಲ್ಯೂಮಿನಿಯಂ ಜಾಲ ಸೇರುವ ಅಂಚಿನಲ್ಲಿ ಇದನ್ನು ಹುಡುಕಿ. ಹೋಸುಗಳನ್ನು ಒಂದೊಂದಾಗಿ ಹಿಚುಕಿ. ಒಳ್ಳೆಯ ಹೋಸ್ ಬಿಗಿಯಾಗಿದ್ದು ಒತ್ತಿದರೆ ಮತ್ತೆ ಉಬ್ಬುತ್ತದೆ. ಸೀಳು ಬಿಟ್ಟದ್ದು, ಕಲ್ಲಿನಂತೆ ಗಡುಸಾದದ್ದು, ಅತಿಯಾಗಿ ಮೆತ್ತಗಾದದ್ದು, ಕ್ಲಿಪ್ ಪಕ್ಕದಲ್ಲಿ ಉಬ್ಬಿದ್ದು, ಇವೆಲ್ಲ ಬದಲಿಸಬೇಕಾದವು. ನೀರು ಇಡುವ ಡಬ್ಬಿಯ ಹೊಲಿಗೆಯನ್ನೂ ಕೆಳಭಾಗವನ್ನೂ ಬೆರಳಾಡಿಸಿ ನೋಡಿ, ಹಳೆಯ ಪ್ಲಾಸ್ಟಿಕ್ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ.

ಮುಚ್ಚಳವನ್ನು ಜನ ಮರೆಯುವುದೇ ಹೆಚ್ಚು. ಅದರ ರಬ್ಬರ್ ಬಿಲ್ಲೆ ಒಡೆದಿದ್ದರೆ ಅಥವಾ ಸ್ಪ್ರಿಂಗ್ ಸೋತಿದ್ದರೆ ಕೂಲಂಟ್ ಉಕ್ಕಿ ಹೊರಬೀಳುತ್ತದೆ. ಎಂಜಿನ್ ತಣ್ಣಗಾದಾಗ ಮೇಲಿನ ಹೋಸ್ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಂತಿದ್ದರೆ ಮುಚ್ಚಳದೊಳಗಿನ ಪುಟ್ಟ ವಾಲ್ವ್ ಕೆಲಸ ಬಿಟ್ಟಿದೆ ಎಂದರ್ಥ. ಹೊಸದನ್ನು ಕೊಳ್ಳುವಾಗ ಹಳೆಯದರ ಮೇಲಿನ ಒತ್ತಡದ ಅಂಕಿಯನ್ನೇ ಕೇಳಿ ತನ್ನಿ. ಹೆಚ್ಚಿನ ಅಂಕಿಯದು ಒಳ್ಳೆಯದಿರಬಹುದೆಂದು ಹಾಕಿದರೆ ಹಳೆಯ ಹೋಸ್ ಅಷ್ಟು ಒತ್ತಡ ತಡೆಯಲಾರದು.

ಕಣ್ಣಿಗೆ ಏನೂ ಸಿಗದಿದ್ದರೆ ಪ್ರೆಷರ್ ಟೆಸ್ಟರ್ ಬೇಕು. ಮುಚ್ಚಳದ ಜಾಗದಲ್ಲಿ ಕೂರಿಸಿ ಕೈಯಿಂದ ಪಂಪ್ ಮಾಡುವ ಸಾಧನವಿದು. ತಣ್ಣನೆಯ ಎಂಜಿನ್‌ನಲ್ಲೇ, ಮುಚ್ಚಳದ ಅಂಕಿಯಷ್ಟು ಮಾತ್ರ ಒತ್ತಡ ಕೊಟ್ಟು ಹದಿನೈದು ನಿಮಿಷ ಬಿಡಿ. ಮುಳ್ಳು ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಆಗ ಹನಿ ಕಣ್ಣೆದುರೇ ಮೂಡುತ್ತದೆ. ಬಾಡಿಗೆಗೋ ಪರಿಚಿತರಿಂದ ಎರವಲಾಗಿಯೋ ಸಿಕ್ಕಿದರೆ ಇದನ್ನು ಬಿಡಬೇಡಿ. ಅರ್ಧ ದಿನದ ಊಹೆಯನ್ನು ಇದು ಉಳಿಸುತ್ತದೆ.

ಇವು ನಿಮ್ಮ ಕೆಲಸವಲ್ಲ

ವಾಟರ್ ಪಂಪಿನ ಕೆಳಗೆ ಒಂದು ಚಿಕ್ಕ ರಂಧ್ರವಿರುತ್ತದೆ. ಅಲ್ಲಿಂದ ಒಸರಿದರೆ ಒಳಗಿನ ಸೀಲ್ ಹೋಗಿದೆ, ಪಂಪನ್ನೇ ಬದಲಿಸಬೇಕು. ಅದು ಟೈಮಿಂಗ್ ಬೆಲ್ಟ್‌ನಿಂದ ತಿರುಗುವ ಪಂಪಾಗಿದ್ದರೆ ಮೆಕ್ಯಾನಿಕ್‌ಗೆ ಬಿಡುವುದೇ ಸರಿ. ಕಾರಿನೊಳಗೆ ಸಿಹಿ ವಾಸನೆ, ಮುಂದಿನ ಗಾಜಿನ ಒಳಮೈಗೆ ಜಿಡ್ಡಿನ ಮಬ್ಬು, ಕಾಲಿನಡಿಯ ಹಾಸು ಒದ್ದೆ ಎಂದರೆ ಹೀಟರ್ ಕೋರ್, ಅಂದರೆ ಕಾರಿನೊಳಗಿನ ಗಾಳಿಯನ್ನು ಬೆಚ್ಚಗಾಗಿಸುವ ಪುಟ್ಟ ರೇಡಿಯೇಟರ್, ಸೋರುತ್ತಿದೆ. ಅದನ್ನು ತಲುಪಲು ಹಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು.

ಎಲ್ಲಕ್ಕಿಂತ ಗಂಭೀರವಾದದ್ದು ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರ್ ಹೆಡ್ಡಿನಡಿಯ ಸೀಲ್, ಕೆಡುವುದು. ಹೊರಗೆ ಒಂದು ಹನಿಯೂ ಬೀಳದೆ ಕೂಲಂಟ್ ಇಳಿಯುತ್ತಿರುತ್ತದೆ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆಸಿದಂಥ ಆಯಿಲ್, ಡಬ್ಬಿಯಲ್ಲಿ ನಿಲ್ಲದ ಗುಳ್ಳೆಗಳು ಕಂಡರೆ ಗಾಡಿಯನ್ನು ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗಿ.

ಹೋಸ್ ಬದಲಿಸುವ ಬಗೆ

ಸಿದ್ಧತೆ ಹೆಚ್ಚಿಲ್ಲ: ಅದೇ ಮಾದರಿಗೆ ಹೊಂದುವ ಹೋಸ್, ಹೊಸ ಕ್ಲಿಪ್, ಇಕ್ಕಳ, ಸ್ಕ್ರೂಡ್ರೈವರ್, ಹರಿತ ಚಾಕು, ಅಗಲ ಬಾಯಿಯ ಪಾತ್ರೆ, ಕೈಗವಸು, ಕನ್ನಡಕ. ಬಾಗುಗಳು ಹಳೆಯದರಂತೆಯೇ ಇರಬೇಕು. ನೇರ ಪೈಪನ್ನು ಬಗ್ಗಿಸಿ ಕೂರಿಸಿದರೆ ಮಡಿಕೆಯಲ್ಲಿ ಹರಿವು ಕಟ್ಟುತ್ತದೆ.

ಮುಚ್ಚಳ ತೆರೆದು, ಪಾತ್ರೆಯನ್ನು ಕೆಳಗಿಟ್ಟು, ರೇಡಿಯೇಟರಿನ ಬುಡದ ಡ್ರೈನ್ ತಿರುಪು ಸಡಿಲಿಸಿ. ತಿರುಪು ಇಲ್ಲದಿದ್ದರೆ ಕೆಳಗಿನ ಹೋಸನ್ನೇ ಕಳಚಬೇಕಾಗುತ್ತದೆ, ಆಗ ಕೂಲಂಟ್ ರಭಸದಿಂದ ಬರುತ್ತದೆ, ತಯಾರಾಗಿರಿ. ಬರಿದಾದ ಮೇಲೆ ಕ್ಲಿಪ್ಪನ್ನು ಇಕ್ಕಳದಿಂದ ಹಿಚುಕಿ ಹೋಸಿನ ಮೇಲೆ ಹಿಂದಕ್ಕೆ ಸರಿಸಿ. ಹೋಸನ್ನು ಮೊದಲು ತುಸು ಅತ್ತಿತ್ತ ತಿರುಗಿಸಿ ಅಂಟು ಬಿಡಿಸಿ, ಆಮೇಲೆ ಎಳೆಯಿರಿ. ಬರುವುದಿಲ್ಲವೆಂದು ಹಟ ಹಿಡಿದರೆ ಬಲಪ್ರಯೋಗ ಬೇಡ. ಹೋಸ್ ಕೂರುವ ರೇಡಿಯೇಟರಿನ ಕೊರಳು ಹೆಚ್ಚಾಗಿ ಪ್ಲಾಸ್ಟಿಕ್‌ನದು, ಅದು ಮುರಿದರೆ ಹೋಸಿನ ರಿಪೇರಿ ರೇಡಿಯೇಟರಿನ ರಿಪೇರಿಯಾಗುತ್ತದೆ. ಹೇಗೂ ಎಸೆಯುವ ಹೋಸ್, ಉದ್ದಕ್ಕೆ ಚಾಕುವಿನಿಂದ ಮೆಲ್ಲಗೆ ಸೀಳಿ ಬಿಡಿಸಿ. ಚಾಕುವಿನ ಮೊನೆ ಕೊರಳಿಗೆ ತಾಗದಿರಲಿ.

ಕೊರಳಿನ ಮೇಲೆ ಕಟ್ಟಿದ ಹಕ್ಕಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಲೋಹದ ಕೊರಳಾಗಿದ್ದರೆ ನುಣುಪು ಎಮರಿ ಕಾಗದದಿಂದ ಉಜ್ಜಿ. ಕೊಳೆ ಉಳಿದರೆ ಹೊಸ ಹೋಸೂ ಸೋರುತ್ತದೆ. ಕ್ಲಿಪ್ಪನ್ನು ಮೊದಲೇ ಹೋಸಿಗೆ ತೂರಿಸಿಕೊಂಡು, ತುದಿಗೆ ಸ್ವಲ್ಪ ಕೂಲಂಟ್ ಸವರಿ ಪೂರ್ತಿ ಒಳಗೆ ನೂಕಿ. ಇದಕ್ಕೆ ಗ್ರೀಸ್, ಆಯಿಲ್ ಬೇಡ, ರಬ್ಬರ್ ಕೆಡುತ್ತದೆ. ಕೊರಳಿನ ತುದಿಯಲ್ಲಿ ಒಂದು ಉಬ್ಬು ಏಣು ಇರುತ್ತದೆ. ಕ್ಲಿಪ್ ಆ ಏಣಿನ ಮೇಲಲ್ಲ, ಅದನ್ನು ದಾಟಿ ಒಳಬದಿಯಲ್ಲಿ ಕೂರಬೇಕು. ತಿರುಪಿನ ಕ್ಲಿಪ್ಪನ್ನು ರಬ್ಬರ್ ಹೊರಗೆ ಉಕ್ಕುವಷ್ಟು ಬಿಗಿಯಬೇಡಿ. ಕಂಪನಿಯ ಸ್ಪ್ರಿಂಗ್ ಕ್ಲಿಪ್ ಬಿಗಿ ಉಳಿಸಿಕೊಂಡಿದ್ದರೆ ಅದನ್ನೇ ಹಾಕಿ. ಬಿಸಿಗೆ ಹೋಸ್ ಹಿಗ್ಗಿ ಕುಗ್ಗುವಾಗ ಅದೂ ಜೊತೆಯಲ್ಲೇ ಹೊಂದಿಕೊಳ್ಳುತ್ತದೆ.

ದಾರಿಯಲ್ಲಿ ಹೋಸ್ ಸೀಳಿದರೆ, ತನಗೆ ತಾನೇ ಅಂಟುವ ಸಿಲಿಕೋನ್ ಟೇಪನ್ನು ಒರೆಸಿದ ಹೋಸಿನ ಮೇಲೆ ಎಳೆದು ಎಳೆದು ಸುತ್ತಿ ಮನೆ ಸೇರಬಹುದು. ರೇಡಿಯೇಟರಿಗೆ ಸುರಿಯುವ ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣಗಳೂ ಅಷ್ಟಕ್ಕೇ. ಸೂಜಿಮೊನೆಯ ರಂಧ್ರವನ್ನು ಅವು ಮುಚ್ಚಬಹುದು, ಜೊತೆಗೆ ಹೀಟರ್ ಕೋರಿನ ಸಣ್ಣ ಕೊಳವೆಗಳನ್ನೂ ಕಟ್ಟಿಸಬಹುದು. ನಾನಂತೂ ಹಾಕುವುದಿಲ್ಲ.

ತುಂಬುವುದು, ಗಾಳಿ ಬಿಡಿಸುವುದು

ಬಣ್ಣ ನೋಡಿ ಕೂಲಂಟ್ ಆರಿಸಬೇಡಿ. ಒಂದೇ ಬಣ್ಣದಲ್ಲಿ ಬೇರೆ ಬೇರೆ ರಾಸಾಯನಿಕದವು ಸಿಗುತ್ತವೆ. ಕಾರಿನ ಕೈಪಿಡಿಯಲ್ಲಿ ಬರೆದ ಬಗೆಯನ್ನೇ ತನ್ನಿ. ಬೆರೆಸಿಯೇ ಬಂದದ್ದಾದರೆ ಹಾಗೇ ಸುರಿಯಿರಿ, ಗಟ್ಟಿಯದಾದರೆ ಅಷ್ಟೇ ಪ್ರಮಾಣದ ಬಟ್ಟಿ ಇಳಿಸಿದ ನೀರು ಬೆರೆಸಿ. ನಲ್ಲಿಯ ಗಡಸು ನೀರಿನ ಲವಣ ಒಳಗೆ ಪದರ ಕಟ್ಟುತ್ತದೆ.

ಡ್ರೈನ್ ತಿರುಪು ಮುಚ್ಚಿದೆಯೇ ನೋಡಿಕೊಂಡು, ಕಳಚಿದ ಬ್ಯಾಟರಿ ತಂತಿ ಸೇರಿಸಿ, ನಿಧಾನವಾಗಿ ತುಂಬಿ. ಗಾಳಿ ಬಿಡಿಸುವ ತಿರುಪು ಇದ್ದರೆ ಅಲ್ಲಿಂದ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ತೆರೆದಿಟ್ಟು ಮುಚ್ಚಿ. ಹೀಟರನ್ನು ಪೂರ್ತಿ ಬಿಸಿಗಿಟ್ಟು ಎಂಜಿನ್ ಸ್ಟಾರ್ಟ್ ಮಾಡಿ, ಮಟ್ಟ ಇಳಿದಂತೆ ಸುರಿಯುತ್ತಾ, ದ್ರವ ಬಿಸಿಯಾಗಿ ಮೇಲೇಳುವ ಮೊದಲೇ ಮುಚ್ಚಳ ಹಾಕಿ. ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಲಿ. ಬಿಸಿ ಸೂಚಕದ ಮೇಲೆ ಕಣ್ಣಿರಲಿ. ಹೀಟರಿನಿಂದ ತಣ್ಣನೆ ಗಾಳಿಯೇ ಬರುತ್ತಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ, ಆರಿಸಿ ತಣಿದ ಮೇಲೆ ಮತ್ತೆ ತುಂಬಬೇಕು. ಸಂವೇದಕದ ಸುತ್ತ ಕೂಲಂಟ್ ಇಲ್ಲದೆ ಬರೀ ಗಾಳಿಯಿದ್ದರೆ ಸೂಚಕ ತಪ್ಪು ಹೇಳುವುದೂ ಉಂಟು.

ಹಳೆಯ ಕೂಲಂಟನ್ನು ಚರಂಡಿಗೋ ಮಣ್ಣಿಗೋ ಚೆಲ್ಲಬೇಡಿ. ಬಿಗಿ ಮುಚ್ಚಳದ ಕ್ಯಾನಿಗೆ ತುಂಬಿ, ಮೇಲೆ ಹೆಸರು ಬರೆದು, ಹಳೆಯ ಕೂಲಂಟ್ ತೆಗೆದುಕೊಳ್ಳುವ ಗ್ಯಾರೇಜಿಗೆ ಒಪ್ಪಿಸಿ.

ಆ ರಾತ್ರಿ ಕಾರಿನಡಿ ಹೊಸ ರಟ್ಟು ಹಾಸಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಡಬ್ಬಿಯ ಮಟ್ಟ ನೋಡಿ. ಉಳಿದ ಗಾಳಿ ಹೊರಬಿದ್ದು ತುಸು ಇಳಿದಿರಬಹುದು, ಗೆರೆಯವರೆಗೆ ಸುರಿಯಿರಿ, ತಿರುಪಿನ ಕ್ಲಿಪ್ ಇದ್ದರೆ ಇನ್ನೊಂದು ಸಲ ಬಿಗಿ ನೋಡಿ. ಒಂದು ವಾರ ಹೀಗೆ ದಿನವೂ ನೋಡುತ್ತಿರಿ. ರಟ್ಟು ಒಣಗಿದ್ದೂ ಮಟ್ಟ ಇಳಿಯುತ್ತಲೇ ಇದ್ದರೆ, ಆ ಕೂಲಂಟ್ ಎಂಜಿನ್ನಿನ ಒಳಗೇ ಹೋಗುತ್ತಿರಬಹುದು. ಆಗ ಕಾರನ್ನು ಮೆಕ್ಯಾನಿಕ್‌ಗೆ ತೋರಿಸಿ.