ಸ್ಕ್ಯಾನರ್ ಇಲ್ಲದೆ ಎಬಿಎಸ್ ಕಾರಿನ ಬ್ರೇಕ್ ಬ್ಲೀಡ್ ಮಾಡಿದೆ

ಚಾರ್ಮಾಡಿ ಘಾಟಿ ಇಳಿದು ಉಜಿರೆ ಮುಟ್ಟುವಷ್ಟರಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿತ್ತು. ಬ್ರೇಕ್ ಆಯಿಲ್ ಬದಲಿಸಿ ನಾಲ್ಕು ವರ್ಷ ಆಗಿತ್ತು, ತಪ್ಪು ನನ್ನದೇ. ಹೊಸ ಡಾಟ್ 4 ದರ್ಜೆಯ ಆಯಿಲ್ 230 ಡಿಗ್ರಿವರೆಗೆ ಕುದಿಯಲ್ಲ. ನೀರು ಹೀರಿಕೊಂಡದ್ದು 155ರ ಆಸುಪಾಸಿನಲ್ಲೇ ಕುದಿಯುತ್ತೆ. ಕುದಿದರೆ ಒಳಗೆ ಗುಳ್ಳೆ ಆಗಿ ಪೆಡಲ್ ಮೆತ್ತಗಾಗುತ್ತೆ.

ಊರಿನ ಮೆಕ್ಯಾನಿಕ್ "ಸಾರ್, ಎಬಿಎಸ್ ಗಾಡಿ ಇದು. ಸ್ಕ್ಯಾನರ್ ಇಲ್ದೆ ಕೈ ಹಾಕ್ಬೇಡಿ" ಅಂದ. ಎಬಿಎಸ್ ಅಂದರೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ, ಸ್ಕ್ಯಾನರ್ ಅಂದರೆ ಕಾರಿನ ಕಂಪ್ಯೂಟರ್‌ಗೆ ಸಿಕ್ಕಿಸೋ ಯಂತ್ರ. ದೊಡ್ಡ ವರ್ಕ್‌ಶಾಪ್‌ನಲ್ಲಿ ಎರಡೂವರೆ ಸಾವಿರ ಹೇಳಿದರು. ನನಗೆ ಹಟ ಬಂತು, ಬ್ಲೀಡಿಂಗ್, ಅಂದರೆ ಹಳೇ ಆಯಿಲ್ ಮತ್ತು ಗಾಳಿ ಹೊರಗೆ ತೆಗೆಯೋ ಕೆಲಸ, ನಾನೇ ಮಾಡ್ತೀನಿ ಅಂತ.

ಮೊದಲು ದನಕ್ಕೆ ಚುಚ್ಚುವ ದೊಡ್ಡ ಸಿರಿಂಜ್ ತಂದು, ಚಕ್ರದ ಬಳಿ ಆಯಿಲ್ ಹೊರಬಿಡೋ ನಿಪ್ಪಲ್‌ನಿಂದ ಎಳೆದೆ. ಗುಳ್ಳೆ ಬಂದೇ ಬಂತು, ನಿಲ್ಲಲೇ ಇಲ್ಲ. ಅರ್ಧ ಲೀಟರ್ ಆಯಿಲ್ ಹೋದ ಮೇಲೆ ಹೊಳೆಯಿತು, ಗಾಳಿ ಬರ್ತಾ ಇದ್ದದ್ದು ನಿಪ್ಪಲ್ ಥ್ರೆಡ್‌ನಿಂದ! ಟೆಫ್ಲಾನ್ ಟೇಪ್ ಸುತ್ತಿದ ಮೇಲೆ ಕಡಿಮೆ ಆಯಿತು, ಆದರೂ ನಂಬಿಕೆ ಬರಲಿಲ್ಲ.

ಹಳೇ ದಾರಿಗೇ ಬಂದೆ. ಹೆಂಡತಿ ಸೀಟಿನಲ್ಲಿ, ನಾನು ಚಕ್ರದ ಹತ್ತಿರ, ನಿಪ್ಪಲ್‌ಗೆ ಡ್ರಿಪ್ ಪೈಪ್. "ಒತ್ತು... ಹಿಡ್ಕೋ... ಬಿಡು." ಪೆಡಲ್ ಕೆಳಗೆ ಮರದ ತುಂಡು ಇಟ್ಟಿದ್ದೆ. ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಹಳೇ ಮಾಸ್ಟರ್ ಸಿಲಿಂಡರ್‌ನಲ್ಲಿ ಪೂರ್ತಿ ತಳಕ್ಕೆ ಒತ್ತಿದರೆ ಸೀಲ್ ಹರಿದೀತು. ಹಿಂದಿನ ಎಡ ಚಕ್ರದಿಂದ ಶುರು. ಅಲ್ಲಿ ತುಕ್ಕು ಹಿಡಿದ ನಿಪ್ಪಲ್ ಬಿಡಿಸಿದ್ದು ಹೇಗೆ ಅಂತ ಇಲ್ಲಿ ಬರೆಯಲ್ಲ. ಬೆಂಕಿ ತೋರಿಸಿಲ್ಲ, ಅಷ್ಟು ಹೇಳ್ತೀನಿ.

ಮೂರನೇ ಚಕ್ರಕ್ಕೆ ಬರುವಾಗ ಫೋನ್ ಬಂತು. ಮಾತಾಡ್ತಾ ಬಾನೆಟ್ ಒಳಗಿನ ಆಯಿಲ್ ಡಬ್ಬಿ ನೋಡೋದು ಮರೆತೆ. "ರೀ, ಪೆಡಲ್ ಸೀದಾ ಮರಕ್ಕೆ ಹೋಯ್ತು" ಅಂದಳು. ಡಬ್ಬಿ ಖಾಲಿ, ಒಳಗೆಲ್ಲ ಗಾಳಿ. ಮತ್ತೆ ಮೊದಲಿನಿಂದ, ಇನ್ನೊಂದು ಬಾಟಲಿ, ಸುಮಾರು 250 ರೂಪಾಯಿ ದಂಡ. ಫೆಂಡರ್ ಮೇಲೆ ಚೆಲ್ಲಿದ್ದನ್ನು ತಕ್ಷಣ ನೀರಲ್ಲಿ ತೊಳೆದೆ, ಆದರೂ ಒಂದು ಕಡೆ ಪೇಂಟ್ ಸುಕ್ಕಾಗಿದೆ.

ಈಗ ಪೆಡಲ್ ಮುಕ್ಕಾಲು ಪಾಲು ಗಟ್ಟಿ. ಉಳಿದ ಕಾಲು ಪಾಲು ಮೆತ್ತನೆಗೆ ಕಾರಣವಾದ ಗಾಳಿ, ವಾಲ್ವ್ ಮತ್ತು ಪಂಪ್ ಇರೋ ಎಬಿಎಸ್ ಬ್ಲಾಕ್ ಒಳಗಿತ್ತು. ಅಲ್ಲಿನ ಕೆಲವು ವಾಲ್ವ್‌ಗಳು ಎಬಿಎಸ್ ಕೆಲಸ ಮಾಡಿದಾಗ ಮಾತ್ರ ತೆರೆಯುತ್ತವೆ. ಸುಮ್ನೆ ಪೆಡಲ್ ಒತ್ತಿದರೆ ಅಲ್ಲಿರೋದು ಅಲ್ಲೇ. ಸ್ಕ್ಯಾನರ್ ಮಾಡೋದು ಆ ವಾಲ್ವ್ ತೆರೆದು ಪಂಪ್ ತಿರುಗಿಸೋ ಕೆಲಸ. ಎಂಟುನೂರು ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ಡಬ್ಬಿ ತರಿಸಿ ನೋಡಿದೆ, ಅದಕ್ಕೆ ಎಂಜಿನ್ ಬಿಟ್ಟು ಎಬಿಎಸ್ ಕಾಣಿಸಲೇ ಇಲ್ಲ.

ಹಾಗಾದರೆ ನಾನೇ ತಿರುಗಿಸ್ತೀನಿ ಅಂದುಕೊಂಡೆ. ಮೊದಲು ಅಂಗಳದಲ್ಲೇ ನಡಿಗೆ ವೇಗದಲ್ಲಿ ಬ್ರೇಕ್ ಹಿಡಿಯುತ್ತಾ ಅಂತ ನೋಡಿದೆ. ಆಮೇಲೆ ತೋಟದ ಜಲ್ಲಿ ರಸ್ತೆ. ಮಳೆ ಬಿದ್ದು ಜಾರ್ತಾ ಇತ್ತು, ಸಮತಟ್ಟು, ಒಂದು ನರಪಿಳ್ಳೆಯೂ ಇಲ್ಲ. ಮೂವತ್ತರ ವೇಗದಲ್ಲಿ ಪೆಡಲ್ ಒತ್ತಿ ಹಿಡಿದೆ. ಟರ್‌ರ್ ಅಂತ ಪೆಡಲ್ ಕಾಲಿಗೆ ಒದೆಯಿತು, ಎಬಿಎಸ್ ಶುರುವಾಗಿತ್ತು. ಎಂಟೋ ಹತ್ತೋ ಸಲ ಹಾಗೆ ಮಾಡಿ ಮನೆಗೆ ಬಂದು ಮತ್ತೆ ನಾಲ್ಕೂ ಚಕ್ರ ಬ್ಲೀಡ್ ಮಾಡಿದೆ. ಅಷ್ಟು ಹೊತ್ತು ತಿಳಿಯಾಗಿ ಬರ್ತಾ ಇದ್ದ ಪೈಪಿನಲ್ಲಿ ಕಷಾಯದ ಬಣ್ಣದ ಆಯಿಲ್, ಸಾಸಿವೆ ಗಾತ್ರದ ಗುಳ್ಳೆಗಳು! ಇನ್ನೊಂದು ಸುತ್ತು ಜಲ್ಲಿ, ಇನ್ನೊಂದು ಬ್ಲೀಡ್. ಆಮೇಲೆ ತಿಳಿ.

ಒಟ್ಟು ಒಂದೂವರೆ ಲೀಟರ್ ಆಯಿಲ್, ಬ್ಲೂಟೂತ್ ಡಬ್ಬಿಯೂ ಸೇರಿ ಸಾವಿರದ ಏಳುನೂರರ ಹತ್ತಿರ. ಫೋನ್ ಬರದಿದ್ದರೆ ಇನ್ನೂ ಕಡಿಮೆ. ಕಳೆದ ತಿಂಗಳು ನಾಲ್ಕು ಜನರನ್ನು ಕೂರಿಸಿಕೊಂಡು ಅದೇ ಚಾರ್ಮಾಡಿ ಇಳಿದೆ. ಕೆಳಗೆ ತಲುಪಿದಾಗಲೂ ಪೆಡಲ್ ಮೇಲೆ ಇದ್ದಷ್ಟೇ ಎತ್ತರದಲ್ಲಿತ್ತು. ಮೆಕ್ಯಾನಿಕ್ ಒಮ್ಮೆ ಒತ್ತಿ ನೋಡಿದ, ಏನೂ ಮಾತಾಡಲಿಲ್ಲ. ಹೋಗುವಾಗ ನಿಪ್ಪಲ್ ಬಿಡಿಸಿದ್ದು ಹೇಗೆ ಅಂತ ಮಾತ್ರ ಕೇಳಿದ.