ಹಳೆ ಲ್ಯಾಬ್ ಪಿಸಿಗಳ ಕ್ಲಸ್ಟರ್ ಕಲಬುರಗಿ ಬೇಸಿಗೆಯಲ್ಲೂ ಓಡಿತು

ಹಳೆ ಪಿಸಿಗಳನ್ನ ಒಂದಕ್ಕೊಂದು ಜೋಡಿಸಿ ಲೆಕ್ಕದ ಕೆಲಸಕ್ಕೆ ಒಂದು ಕ್ಲಸ್ಟರ್ ಕಟ್ತೀನಿ ಅಂದಾಗ, "ಈ ಬಿಸಿಲಾಗ ನಡೀತದೇನ್ರೀ ಇದು? ಬೆಂಗಳೂರಿನ ಮಷೀನ್‌ಗೆ ಅರ್ಜಿ ಹಾಕ್ರಿ" ಅಂತ ಹೇಳದವರೇ ನಮ್ಮ ವಿಭಾಗದಲ್ಲಿ ಇರಲಿಲ್ಲ. ಐಐಎಸ್‌ಸಿಯ ಪರಮ್ ಪ್ರವೇಗ 3.3 ಪೆಟಾಫ್ಲಾಪ್ಸ್ ವೇಗದ ಸೂಪರ್‌ಕಂಪ್ಯೂಟರ್, ಅದರ ಮುಂದೆ ನಮ್ಮದು ಯಾವ ಲೆಕ್ಕ? ಆದರೆ ಎಂಎಸ್ಸಿ ಹುಡುಗರಿಗೆ ಇವತ್ತು ರಾತ್ರಿ ಜಾಬ್ (ಗಂಟೆಗಟ್ಟಲೆ ಓಡೋ ಲೆಕ್ಕ) ಹಾಕಿ, ಕೆಟ್ಟರೆ ನಾಳೆ ಬೆಳಿಗ್ಗೆ ಮತ್ತೆ ಹಾಕೋಕೆ ಒಂದು ಜಾಗ ಬೇಕಿತ್ತು. ಈಗ ಅದು ಇದೆ, ಎರಡು ಬೇಸಿಗೆ ದಾಟಿದೆ.

ಲ್ಯಾಬ್‌ನಿಂದ ಹೊರಗಿಟ್ಟಿದ್ದ ನಾಲ್ಕು ಕೋರಿನ ಪಿಸಿಗಳು, ಹತ್ತು ಹನ್ನೆರಡು. ರ‍್ಯಾಮ್, ಎಸ್‌ಎಸ್‌ಡಿ, ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ ಎಲ್ಲ ಸೇರಿ 70 ಸಾವಿರದ ಹತ್ತಿರ ಆಯ್ತು, ಅರ್ಧಕ್ಕಿಂತ ಜಾಸ್ತಿ ರ‍್ಯಾಮ್‌ಗೇ. ರ‍್ಯಾಕ್ ಕೊಳ್ಳಲಿಲ್ಲ, ಇಟ್ಟಿಗೆ ಮೇಲೆ ಶಹಾಬಾದ್ ಕಲ್ಲು ಹಾಸಿ ಜೋಡಿಸಿದೆವು.

ಮೊದಲು ಎಲ್ಲರ ಹಾಗೆ ಒಂದೇ ಜಾಬನ್ನ ಹಲವು ಮಷೀನ್‌ಗೆ ಹಂಚಿ ನೋಡಿದೆವು. 35 ಸಾವಿರ ಪರಮಾಣುಗಳ ಪ್ರೋಟೀನ್, ಅಣುಗಳ ಚಲನೆ ಲೆಕ್ಕ ಹಾಕೋ ಗ್ರೋಮ್ಯಾಕ್ಸ್ ಸಾಫ್ಟ್‌ವೇರ್. ಒಂದು ಮಷೀನ್‌ನಲ್ಲಿ ದಿನವಿಡೀ ಓಡಿಸಿದರೆ 8 ನ್ಯಾನೊಸೆಕೆಂಡ್ ಆಸುಪಾಸಿನ ಚಲನೆ, ನಾಲ್ಕರಲ್ಲಿ 11, ಎಂಟರಲ್ಲಿ ಮತ್ತೆ ಇಳಿಯಿತು. ಪರಮಾಣುಗಳ ನಡುವಿನ ದೂರದ ವಿದ್ಯುತ್ ಬಲ ಹಿಡಿಯೋ ಪಿಎಂಇ ಲೆಕ್ಕದಲ್ಲಿ ಪ್ರತಿ ಹೆಜ್ಜೆಗೂ ಎಲ್ಲ ಮಷೀನೂ ಎಲ್ಲದರ ಜೊತೆ ಮಾತಾಡಬೇಕು, ಗಿಗಾಬಿಟ್ ಅಲ್ಲೇ ಸುಸ್ತು. ಎರಡೆರಡು ಕೇಬಲ್ ಜೋಡಿಸಿದರೂ ಲೇಟೆನ್ಸಿ (ಒಂದೊಂದು ಸಂದೇಶ ತಲುಪೋಕೆ ಆಗೋ ತಡ) ಕಮ್ಮಿ ಆಗಲ್ಲ, ಅದಕ್ಕೆ ಹಾಕಿದ ದುಡ್ಡು ದಂಡ. ಆಮೇಲೆ ಒಂದು ಮಷೀನ್‌ಗೆ ಒಂದೇ ಜಾಬ್ ಅಂತ, ಜಾಬ್‌ಗಳನ್ನ ಸರತಿಯಲ್ಲಿ ಹಂಚೋ ಸ್ಲರ್ಮ್‌ನಲ್ಲಿ ಕಟ್ಟಿಬಿಟ್ಟೆ. ಬೇರೆ ಬೇರೆ ಆರಂಭದ ವೇಗ ಕೊಟ್ಟು ಅದೇ ಪ್ರೋಟೀನನ್ನ ಹತ್ತು ಕಡೆ ಓಡಿಸಿ, ಸಂಶೋಧನೆಗೂ ಅದೇ ಒಳ್ಳೇದು.

ಕರೆಂಟ್ ವಿಷಯ. ಇನ್ವರ್ಟರ್ ಮೇಲೆ ಹೆಡ್ ನೋಡ್ (ಉಳಿದವಕ್ಕೆ ಕೆಲಸ ಹಂಚೋ ಮಷೀನ್), ಸ್ವಿಚ್ ಮಾತ್ರ. ಉಳಿದವು ಆಫ್ ಆದರೆ ಆಗಲಿ. ಗ್ರೋಮ್ಯಾಕ್ಸ್ 15 ನಿಮಿಷಕ್ಕೊಂದು ಸಲ, ಕೆಲಸ ಎಲ್ಲಿಗೆ ಬಂತು ಅಂತ ಉಳಿಸೋ ಫೈಲ್, ಅಂದರೆ ಚೆಕ್‌ಪಾಯಿಂಟ್ ಬರೆಯುತ್ತೆ, ನಾನು 5ಕ್ಕೆ ಇಳಿಸಿದೆ. ಬರೆಯೋ ಹೊತ್ತಿಗೇ ಕರೆಂಟ್ ಹೋಗಿ ಆ ಫೈಲ್ ಹಾಳಾದರೆ, ಪಕ್ಕದಲ್ಲೇ ಅದರ ಹಿಂದಿನದು ಇರುತ್ತೆ, ಸ್ಕ್ರಿಪ್ಟ್ ಅದನ್ನ ಎತ್ತಿಕೊಂಡು ಮುಂದುವರಿಸುತ್ತೆ. ಕರೆಂಟ್ ಬಂದಾಗ ಎಲ್ಲ ಒಟ್ಟಿಗೆ ಎದ್ದರೆ ಎಂಸಿಬಿ ಬೀಳುತ್ತೆ. ಅವನ್ನ ಸರತಿಯಲ್ಲಿ ಎಬ್ಬಿಸೋ ಉಪಾಯ ಸದ್ಯ ನನ್ನ ಹತ್ರಾನೇ ಇರಲಿ.

ಎಸಿಗೆ ವೈರಿಂಗ್ ಸೇರಿ ಲಕ್ಷದ ಮೇಲೆ ಹೇಳಿದರು. ಕಿಟಕಿಗೆ ಕೂಲರ್, ಎದುರು ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿದೆ. ತೇವಕ್ಕೆ ಬೋರ್ಡ್ ಸುಡುತ್ತೆ ಅಂದರು. ಮೇ ತಿಂಗಳ ನಮ್ಮ ಗಾಳಿ ಎಷ್ಟು ಒಣ, ಗೊತ್ತಲ್ವಾ? ತೇವಾಂಶ ಶೇ. 60 ದಾಟದ ಹಾಗೆ ನೋಡಿಕೊಂಡರೆ ಸಾಕು, ಮಳೆಗಾಲದಲ್ಲಿ ನೀರು ಬಿಡಲ್ಲ. ಬಯಾಸ್‌ನಲ್ಲಿ ಟರ್ಬೊ (ಚಿಪ್ ತಾನಾಗೇ ವೇಗ ಏರಿಸಿಕೊಳ್ಳೋದು) ಆಫ್ ಮಾಡಿದ್ದಕ್ಕೆ ವೇಗ ಹತ್ತರಲ್ಲೊಂದು ಪಾಲು ಹೋಯ್ತು, 95 ಡಿಗ್ರಿ ಮುಟ್ಟುತ್ತಿದ್ದ ಚಿಪ್ 75ರಲ್ಲಿ ನಿಂತಿತು.

ನಡುವೆ ಸುಮ್ನೆ ತೊಗರಿ ಜೀನೋಮ್ ಮೇಲೂ ಕೈಯಾಡಿಸಿದೆವು. ರೀಡ್‌ಗಳ (ಓದಿ ತೆಗೆದ ಡಿಎನ್‌ಎ ಚೂರುಗಳ) ಫೈಲನ್ನ ತುಂಡು ಮಾಡಿ, ಅವನ್ನ ಜೀನೋಮ್‌ಗೆ ಹೊಂದಿಸೋ ಬಿಡಬ್ಲ್ಯೂಎ ಸಾಫ್ಟ್‌ವೇರ್‌ಗೆ ಕೊಟ್ಟರೆ, ಎಲ್ಲ ಮಷೀನೂ ನೆಟ್‌ವರ್ಕ್ ಮೂಲಕ ಹಂಚಿಕೊಳ್ಳೋ ಡಿಸ್ಕ್ (ಎನ್‌ಎಫ್‌ಎಸ್) ಮೇಲೆ ಆಮೆ ನಡಿಗೆ. ಜೀನೋಮಿನ ಇಂಡೆಕ್ಸನ್ನ ಪ್ರತಿ ಮಷೀನ್‌ನ ಎಸ್‌ಎಸ್‌ಡಿಗೇ ಇಟ್ಟ ಮೇಲೆ ರಾತ್ರಿಯಿಡೀ ಹಿಡಿಯುತ್ತಿದ್ದ ಕೆಲಸ ಊಟದ ಹೊತ್ತಿಗೆ ಮುಗಿಯಿತು.

ಒಂದು ಗ್ರಾಫಿಕ್ಸ್ ಕಾರ್ಡ್ ಗ್ರೋಮ್ಯಾಕ್ಸ್‌ನಲ್ಲಿ ಇಡೀ ಕೋಣೆಯನ್ನ ಹಿಂದೆ ಹಾಕುತ್ತೆ, ಒಪ್ಪಿದೆ. ಆದರೆ ನಮ್ಮಲ್ಲಿ ಅರ್ಧ ಜನರದು ಹಳೆ ಫೋರ್ಟ್ರಾನ್ ಕೋಡ್, ಅದು ಕಾರ್ಡ್ ಮೇಲೆ ಓಡಲ್ಲ. ಮುಂದಿನ ಸಲ ದುಡ್ಡು ಬಂದಾಗ ಹೆಡ್ ನೋಡ್‌ಗೆ ಒಂದು ಹಾಕ್ತೀನಿ.