ಮೇಲ್ ತುಂಬಿಹೋದಾಗ ನಾನು ಮಾಡಿದ್ದು

ದಾವಣಗೆರೆಯಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಮಾಡ್ತೀವಿ. ಶುರುವಿನಿಂದಲೂ ಒಂದೇ ಜಿಮೇಲ್. ಹೋದ ಮದುವೆ ಸೀಸನ್‌ನಲ್ಲಿ ಗಿರಾಕಿಯೊಬ್ಬರು ಫೋನ್ ಮಾಡಿ, "ಅಣ್ಣಾ, ಕರೆಕ್ಷನ್ ಕಳಿಸಿದ್ದೆ, ನಿಮ್ಮ ಮೇಲ್ ತುಂಬಿದೆ ಅಂತ ವಾಪಸ್ ಬಂತಲ್ಲ" ಅಂದರು. ಮುಹೂರ್ತದ ಸಮಯವೇ ತಪ್ಪಾಗಿತ್ತು. ಪ್ರಿಂಟಿಗೆ ಹೋಗುವ ಮುಂಚೆ ಹೇಳಿದ್ದು ಪುಣ್ಯ.

ಪುಕ್ಕಟೆ ಸಿಗೋದು 15 ಜಿಬಿ. ಅದು ಮೇಲ್‌ಗೆ ಮಾತ್ರ ಅಲ್ಲ, ಡ್ರೈವ್ ಮತ್ತು ಫೋಟೋಸ್‌ಗೂ ಸೇರಿ. 2021ರ ಜೂನ್ 1ರಿಂದ ಬ್ಯಾಕಪ್ ಆಗುವ ಫೋಟೋಗಳೂ ಇದೇ ಲೆಕ್ಕಕ್ಕೆ ಬರುತ್ತವೆ. ನನ್ನ ಫೋನಿನ ಫೋಟೋಗಳೂ ಅಲ್ಲೇ ಹೋಗ್ತಿದ್ದವು, ಮೊದಲು ಅದನ್ನು ನಿಲ್ಲಿಸಿದೆ.

ಆಮೇಲೆ ಸಾವಿರಾರು ಮೇಲ್ ಆರಿಸಿ ಆರ್ಕೈವ್ ಒತ್ತಿದೆ. ಒಂದು ಎಂಬಿ ಕೂಡ ಇಳಿಯಲಿಲ್ಲ. ಆರ್ಕೈವ್ ಅಂದರೆ ಇನ್‌ಬಾಕ್ಸ್‌ನಿಂದ ಮರೆಯಾಗುತ್ತೆ ಅಷ್ಟೇ, ಮೇಲ್ ಅಲ್ಲೇ ಇರುತ್ತೆ, ಜಾಗವನ್ನೂ ತಿನ್ನುತ್ತೆ. ಎಷ್ಟೋ ಜನ ಇಲ್ಲೇ ಎಡವೋದು. ಜಾಗ ಬೇಕು ಅಂದರೆ ಮೇಲ್ ನಮ್ಮ ಡಿಸ್ಕಿಗೆ ಇಳಿಸಿ, ಆಮೇಲೆ ಜಿಮೇಲ್‌ನಿಂದ ಅಳಿಸಲೇಬೇಕು.

ಹುಡುಕುವ ಜಾಗದಲ್ಲಿ ಇಂಗ್ಲಿಷಲ್ಲಿ ಲಾರ್ಜರ್ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ 10ಎಂ ಅಂತ ಹೊಡೆದೆ. 10 ಎಂಬಿಗಿಂತ ದೊಡ್ಡವು ಎಲ್ಲಾ ಬಂದವು. ನೋಡಿದರೆ ಗಿರಾಕಿಗಳು ಕಳಿಸಿದ್ದಕ್ಕಿಂತ ನಾನು ಕಳಿಸಿದ್ದೇ ಜಾಸ್ತಿ. ಒಂದು ಪತ್ರಿಕೆಗೆ ಐದು ಸಲ ಪ್ರೂಫ್ ಕಳಿಸಿದರೆ ಅದೇ ಪಿಡಿಎಫ್ ಐದು ಸಲ ಸೆಂಟ್ ಫೋಲ್ಡರ್‌ನಲ್ಲಿ ಕೂತಿರುತ್ತೆ, ಅಲ್ವಾ? ಇನ್‌ಬಾಕ್ಸ್ ಒಂದನ್ನೇ ಗುಡಿಸಿದರೆ ಸಾಲದು.

ಹಳೇ ದೊಡ್ಡ ಮೇಲ್‌ಗಳಿಗೆಲ್ಲ ಒಂದು ಲೇಬಲ್ ಹಾಕಿದೆ. ನಮ್ಮ ಮೇಲ್ ಇಳಿಸಿಕೊಳ್ಳೋಕೆ ಗೂಗಲ್ಲೇ ಕೊಡುವ ಗೂಗಲ್ ಟೇಕ್‌ಔಟ್‌ನಲ್ಲಿ ಆ ಲೇಬಲ್ ಒಂದನ್ನೇ ಆರಿಸಿ ಇಳಿಸಿಕೊಂಡೆ. ಬಂದಿದ್ದು ಎಂಬಾಕ್ಸ್ ಫೈಲ್, ಅಂದರೆ ಮೇಲ್‌ಗಳನ್ನೆಲ್ಲ ಒಟ್ಟಿಗೆ ಕಟ್ಟಿಟ್ಟ ಫೈಲ್. ಅದು ಸುಮ್ನೆ ಡಬಲ್ ಕ್ಲಿಕ್ ಮಾಡಿದರೆ ತೆರೆಯಲ್ಲ. ಕಂಪ್ಯೂಟರಿನಲ್ಲೇ ಮೇಲ್ ಓದುವ ಥಂಡರ್‌ಬರ್ಡ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡು, ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ ಅನ್ನೋ ಆಡ್‌ಆನ್‌ನಿಂದ ಲೋಕಲ್ ಫೋಲ್ಡರ್‌ಗೆ ಸೇರಿಸಿದೆ. ವರ್ಷಕ್ಕೆ ಎರಡು ಮೂರು ಮೇಲ್ ತೆಗೆದು, ಪಿಡಿಎಫ್ ನಿಜವಾಗಿ ತೆರೆಯುತ್ತಾ ಅಂತ ನೋಡಿದೆ. ಎರಡನೇ ಡಿಸ್ಕಿಗೂ ಒಂದು ಕಾಪಿ ಹಾಕಿದ ಮೇಲೇ ಅಳಿಸೋಕೆ ಕೈ ಹಾಕಿದ್ದು.

ಅಳಿಸುವಾಗ ಒಂದು ವಿಷಯ ದಯವಿಟ್ಟು ಗಮನಿಸಿ. ಕಾನ್ವರ್ಸೇಶನ್ ವ್ಯೂ, ಅಂದರೆ ಒಂದು ಮೇಲ್ ಮತ್ತು ಅದರ ಉತ್ತರಗಳನ್ನು ಒಂದೇ ಸಾಲಲ್ಲಿ ತೋರಿಸೋದು, ಆನ್ ಇದ್ದರೆ ಒಂದು ಹಳೇ ಮೇಲ್ ಆರಿಸಿದಾಗ ಆ ಸರಪಳಿಯ ಹೊಸ ಉತ್ತರಗಳೂ ಒಟ್ಟಿಗೆ ಹೋಗುತ್ತವೆ. ನಮ್ಮ ಗಿರಾಕಿಗಳಲ್ಲಿ ಹಲವರು ನಾಲ್ಕು ವರ್ಷದ ಹಿಂದಿನ ಮೇಲ್‌ಗೇ ರಿಪ್ಲೈ ಹೊಡೆದು ಹೊಸ ಆರ್ಡರ್ ಕೊಡ್ತಾರೆ. ಅದಕ್ಕೇ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿಯೇ ಶುರು ಮಾಡಿದ್ದೆ. ಕೊನೆಗೆ ಟ್ರ್ಯಾಶ್ ಖಾಲಿ ಮಾಡಬೇಕು, ಇಲ್ಲಾಂದರೆ 30 ದಿನ ಅಲ್ಲೇ ಜಾಗ ಹಿಡಿದು ಕೂತಿರುತ್ತೆ.

ಮೊನ್ನೆ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಳು. 2016ರಲ್ಲಿ ಅವಳ ಅಕ್ಕನ ಮದುವೆ ಪತ್ರಿಕೆ ನಾನೇ ಮಾಡಿದ್ದು, ಅದೇ ಥರ ಬೇಕಂತೆ. ಆ ಹೊತ್ತಿಗೆ ನೆಟ್ ಇರಲಿಲ್ಲ. ಥಂಡರ್‌ಬರ್ಡ್‌ನಲ್ಲಿ ಅಕ್ಕನ ಹೆಸರು ಹೊಡೆದೆ, ಐದನೇ ಪ್ರೂಫ್ ಸಮೇತ ಬಂತು. ಅವರಪ್ಪ ಸ್ಕ್ರೀನಿನ ಹತ್ತಿರ ಬಗ್ಗಿ, ಹಿರಿಯರ ಹೆಸರು ಒಂದೊಂದಾಗಿ ಓದಿದರು.